ತುಟಿ ದಾಟದ ಮಾತು

ಮೂಡಲಗಿಯ ಟ್ರ್ಯಾಕ್ಟರ್ ಮೇಸ್ತ್ರಿ ಖಂಡೆಪ್ಪನ ಒಬ್ಬಳೇ ಮಗಳು ರಾಜೇಶ್ವರಿ ಹುಟ್ಟಿನಿಂದ ಕಿವುಡಿ. ತಲೆಯ ಹತ್ತಿರ ತಾಟು ಬಡಿದರೂ ಹೊರಳಿ ನೋಡುತ್ತಿರಲಿಲ್ಲ. ಕಿವಿಗೂ ಮಿದುಳಿಗೂ ನಡುವೆ ಇರಬೇಕಾದ ನರವೇ ಅವಳಿಗಿಲ್ಲ, ಪೇಟೆಯಲ್ಲಿ ಸಿಗುವ ಯಂತ್ರದಿಂದ ಉಪಯೋಗವಿಲ್ಲ ಎಂದು ಬೆಳಗಾವಿಯ ಡಾಕ್ಟರರು ಕೈಚೆಲ್ಲಿದ್ದರು. ಅವಳು ಸಾಲಿಗೆ ಹೋಗತೊಡಗಿದ ಕಾಲಕ್ಕೆ ಹೊರದೇಶದ ಕಂಪನಿಯೊಂದು ಹೊಸ ಯಂತ್ರವನ್ನು ಪ್ರಯೋಗಕ್ಕೆಂದು ಈ ಸೀಮೆಗೆ ತಂದಿತು. ಮಿದುಳಿನ ಬುಡದಲ್ಲಿ ಕೂದಲಿಗಿಂತ ಸಣ್ಣ ತಂತಿಗಳನ್ನು ನೆಡುವುದು, ಹೊರಗೆ ಕಿವಿಯ ಹಿಂದೆ ಅಯಸ್ಕಾಂತದ ಒಂದು ಬಿಲ್ಲೆ ಅಂಟಿಸುವುದು. ಬಿಲ್ಲೆ ಹಚ್ಚಿದರೆ ಕೇಳುತ್ತದೆ, ತೆಗೆದರೆ ಮತ್ತೆ ಕಿವುಡು. ಮಗು ಬೆಳೆದಂತೆ ಒಳಗಿನ ತಂತಿಯೂ ತಾನಾಗಿ ಬೆಳೆಯುತ್ತದೆ ಎಂಬುದೇ ಆ ಯಂತ್ರದ ಹೆಗ್ಗಳಿಕೆಯಾಗಿತ್ತು.

ಬಿಲ್ಲೆ ಹಚ್ಚಿದ ದಿನ ತಾಯಿ ಶಿವಗಂಗವ್ವ ಮೆಲ್ಲಗೆ "ರಾಜೀ" ಎಂದಳು. ಮಗಳು ಬೆಚ್ಚಿಬಿದ್ದು ಅತ್ತಳು. ತಾಯಿಯೂ ಅತ್ತಳು. ಆಮೇಲೆ ಕೆಲವು ವರ್ಷ ಆ ಮನೆಯಲ್ಲಿ ಸದ್ದೇ ಒಂದು ಹಬ್ಬವಾಯಿತು. ಕುಕ್ಕರ್ ಸೀಟಿ ಹೊಡೆದರೆ ಹುಡುಗಿ ಓಡಿ ಬಂದು ಅದರ ಮುಂದೆ ನಿಲ್ಲುವಳು. ಅಪ್ಪನ ಗ್ಯಾರೇಜಿನಲ್ಲಿ ಕುಳಿತು, ಯಾವ ಟ್ರ್ಯಾಕ್ಟರಿನ ಎಂಜಿನ್ ಕೆಮ್ಮುತ್ತದೆ, ಯಾವುದು ಗೊರಕೆ ಹೊಡೆಯುತ್ತದೆ ಎಂದು ಹೇಳಿ ನಗಿಸುವಳು.

ಬೆಳೆಯುವುದನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಮಾತ್ರ ಆ ತಂತಿಗಳಿಗೆ ಗೊತ್ತಿರಲಿಲ್ಲ.

ರಾಜೇಶ್ವರಿ ಮೈನೆರೆದ ವರ್ಷ ಪಕ್ಕದ ಮನೆಯ ಕಲ್ಲಪ್ಪನ ಮಗಳು ಲಕ್ಷ್ಮಿಗೆ ನಿಶ್ಚಯ ಇಟ್ಟುಕೊಂಡಿದ್ದರು. ಗಂಡಿನವರು ಅಂಕಲಗಿಯಿಂದ ಬಂದಿದ್ದರು. ಪಡಸಾಲೆ ತುಂಬ ಜನ. ಹಿರಿಯರು ಲಕ್ಷ್ಮಿಯ ಹಣೆಗೆ ಕುಂಕುಮ ಹಚ್ಚಿ ಉಡಿ ತುಂಬುತ್ತಿದ್ದರು. ಅವಳ ಪಕ್ಕದಲ್ಲೇ ಕುಳಿತಿದ್ದ ರಾಜೇಶ್ವರಿಗೆ ಅಳು ಸ್ಪಷ್ಟವಾಗಿ ಕೇಳಿಸಿತು. ಎಲ್ಲರಿಗೂ ಕೇಳಿಸಿರಬೇಕೆಂದೇ ಅವಳು ತಿಳಿದಳು. ಯಾರೂ ಸಮಾಧಾನ ಮಾಡದ್ದನ್ನು ಕಂಡು ತಾನೇ ಕೇಳಿದಳು:

"ಲಕ್ಷ್ಮೀ ಅಕ್ಕಾ, ಒಲ್ಲೆ ಒಲ್ಲೆ ಅಂತ ಯಾಕ ಅಳಾಕತ್ತೀ? ಈಶ್ವರ ಅಂದ್ರ ಯಾರು?"

ಲಕ್ಷ್ಮಿಯ ತುಟಿ ಮುಚ್ಚಿದ್ದವು. ಕಣ್ಣಲ್ಲಿ ಹನಿ ನೀರಿರಲಿಲ್ಲ. ಗಂಡಿನ ತಾಯಿ ಉಡಿ ತುಂಬುತ್ತಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಆ ನಿಶ್ಚಯ ಮುರಿಯಿತು. ಲಕ್ಷ್ಮಿಯ ಕಾಲೇಜು ಬಿಡಿಸಿದರು. ಈಶ್ವರನೆಂಬುವನು ಯಾರೋ, ಎಲ್ಲಿಯವನೋ, ಅವನಿಗೂ ಏಟು ಬಿದ್ದವಂತೆ. ಶ್ರಾವಣ ಬರುವುದರೊಳಗೆ ಯಮಕನಮರಡಿಯ ಒಬ್ಬ ಎರಡನೇ ಸಂಬಂಧದವನಿಗೆ ಅವಳನ್ನು ಕೊಟ್ಟು ಕೈತೊಳೆದುಕೊಂಡರು. ಗಂಡನ ಮನೆಗೆ ಹೊರಟ ದಿನ ಲಕ್ಷ್ಮಿ ರಾಜೇಶ್ವರಿಯ ಬಾಗಿಲ ಮುಂದೆ ಒಂದು ಗಳಿಗೆ ನಿಂತಳು. ಬಾಯಿ ತೆರೆಯಲಿಲ್ಲ. 'ನಿನ್ನ ನಾಲಿಗಿ ಸೇದಿ ಹೋಗ್ಲಿ' ಎಂದ ಅವಳ ಮನಸ್ಸು ಮಾತ್ರ ಈ ಹುಡುಗಿಗೆ ಕೇಳಿಸಿತು. ಬಾಯಲ್ಲಿ ಆಡಿದ್ದು ಯಾವುದು, ಆಡದ್ದು ಯಾವುದು ಎಂದು ರಾಜೇಶ್ವರಿ ಬೇರೆಮಾಡಲು ಕಲಿತದ್ದು ಆ ದಿನದಿಂದ. ಜನರ ಕಣ್ಣನ್ನಲ್ಲ, ತುಟಿಯನ್ನು ನೋಡುತ್ತ ನಡೆಯತೊಡಗಿದಳು.

ಊರು ಅವಳನ್ನು ಮೊದಲು ದೇವರೆಂದಿತು, ಆಮೇಲೆ ಮಾಟದವಳೆಂದಿತು. ಸೊಸೆಯ ಮೇಲೆ ಅನುಮಾನವಿದ್ದವರು, ತಮ್ಮನ ಮೇಲೆ ಸಿಟ್ಟಿದ್ದವರು ಹಿತ್ತಲ ಬಾಗಿಲಿಂದ ಬಂದು ಖಂಡೆಪ್ಪನನ್ನು ಬೇಡಿದರು. ಅವನು ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡೇ ಎದ್ದು ನಿಂತು ಅಟ್ಟಿದ. ಆಮೇಲೆ ಯಾರೂ ಬರಲಿಲ್ಲ. ಸಾಲಿಯಲ್ಲಿ ಅವಳ ಬೆಂಚಿನ ಮೇಲೆ ಯಾರೂ ಕೂರಲಿಲ್ಲ. ಪರೀಕ್ಷೆಯಲ್ಲಿ ಅವಳನ್ನು ವರಾಂಡದ ತುದಿಗೆ ಒಬ್ಬಳನ್ನೇ ಕೂರಿಸಿದರು. ಎಲ್ಲಕ್ಕಿಂತ ಹೆಚ್ಚು ಅವಳನ್ನು ಸುಟ್ಟದ್ದು ಅವ್ವ. ಮಗಳು ಹತ್ತಿರ ಬಂದ ಕೂಡಲೇ ಶಿವಗಂಗವ್ವ ಮನಸ್ಸಿನಲ್ಲೇ 'ಓಂ ನಮಃ ಶಿವಾಯ, ಓಂ ನಮಃ ಶಿವಾಯ' ಎಂದು ಶುರುಮಾಡುತ್ತಿದ್ದಳು, ಕಾಣಬಾರದ ಸಾಮಾನಿನ ಮೇಲೆ ಕೌದಿ ಹೊಚ್ಚಿದ ಹಾಗೆ. ಎಷ್ಟು ಹೊಚ್ಚಿದರೂ ನಡುನಡುವೆ ಒಂದು ತುದಿ ಜಾರುತ್ತಿತ್ತು: 'ಕಿವುಡಿ ಇದ್ದಾಗೇ ಛಲೋ ಇತ್ತೇನೋ.' ಮತ್ತೆ ಗಾಬರಿಯಾಗಿ ಶಿವನ ಹೆಸರು. ರಾಜೇಶ್ವರಿ ಕೇಳದವಳಂತೆ ಎದ್ದು ಹೋಗಿ ಬಿಲ್ಲೆ ಕಿತ್ತಿಡುತ್ತಿದ್ದಳು. ಎಲ್ಲವನ್ನೂ ಕೇಳಬೇಕು, ಇಲ್ಲವೇ ಏನನ್ನೂ ಕೇಳಬಾರದು. ನಡುವಿನ ದಾರಿ ಅವಳಿಗಿರಲಿಲ್ಲ.

ಬಿಲ್ಲೆಯ ತಪಾಸಣೆಗೆ ಆಗಾಗ ಗೋಕಾಕಕ್ಕೆ ಹೋಗಬೇಕಾಗುತ್ತಿತ್ತು. ಕೊಲ್ಹಾಪುರದ ಕಡೆಯ ಶುಭಮ್ ಎಂಬ ತರುಣ ಅಲ್ಲಿ ಕಂಪ್ಯೂಟರಿಗೆ ವೈರು ಜೋಡಿಸಿ ಸದ್ದು ಹೊಂದಿಸಿ ಕೊಡುತ್ತಿದ್ದ. ತನಗೆ ಏನೇನು ಕೇಳುತ್ತದೆಂದು ರಾಜೇಶ್ವರಿ ಅವನಿಗೆ ಎಂದೂ ಹೇಳಿರಲಿಲ್ಲ. ಹದಿನಾರರ ವಯಸ್ಸಿನಲ್ಲಿ ಒಮ್ಮೆ ಅವ್ವನ ಜೊತೆ ಅಲ್ಲಿಗೆ ಹೋದಾಗ, ಹೊರಗೆ ಕೂರಲು ಖುರ್ಚಿ ಎಳೆದುಕೊಂಡಳು.

'ಆ ಖುರ್ಚಿ ಮುರದೈತಿ. ನಾ ಈಗಷ್ಟ ಬಿದ್ದೇನಿ.'

ರಾಜೇಶ್ವರಿ ಅಭ್ಯಾಸಬಲದಿಂದ ತುಟಿಗಳನ್ನು ಹುಡುಕಿದಳು. ಎದುರಿಗೆ ಒಬ್ಬ ತೆಳ್ಳನೆಯ ಹುಡುಗ ಮೊಣಕೈ ತಿಕ್ಕಿಕೊಳ್ಳುತ್ತ ಬಾಯಿ ಮುಚ್ಚಿ ಕುಳಿತಿದ್ದ. ಅವನ ಕಿವಿಯ ಹಿಂದೆಯೂ ಬಿಲ್ಲೆ ಇತ್ತು. 'ಭಾಳ ನೋವಾತೇನು?' ಎಂದು ಅವಳಿಗೆ ಅನಿಸಿತು, ಅಷ್ಟೆ. ಹುಡುಗ ದಿಗ್ಗನೆ ತಲೆಯೆತ್ತಿದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಸುಮ್ಮನೆ ಕುಳಿತ ಇಬ್ಬರು ಮಕ್ಕಳು ಒಮ್ಮೆಲೇ ಹೊಟ್ಟೆ ಹಿಡಿದು ನಗುವುದನ್ನು ಕಂಡು ಶಿವಗಂಗವ್ವ ಜಪ ಮರೆತಳು.

ಅವನ ಹೆಸರು ನಿತಿನ. ಬೆಲ್ಲದ ಬಾಗೇವಾಡಿಯ ಜೈನರ ಹುಡುಗ, ಒಕ್ಕಲುತನದ ಮನೆ. ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡಿದ್ದಳು; ಸಾಕಿದ್ದು ಅಜ್ಜಿ ಜಿನ್ನವ್ವ. ಲಕವಾ ಹೊಡೆದು ಅಜ್ಜಿಯ ಒಂದು ಮಗ್ಗುಲೂ ಬಾಯಿಯೂ ಬಿದ್ದುಹೋಗಿದ್ದವು. ಅವಳಿಗೆ ನೀರು ಬೇಕೋ, ಮಗ್ಗುಲು ಬದಲಿಸಬೇಕೋ, ಹೊರಗಿನ ಬಿಸಿಲು ನೋಡಬೇಕೋ ಎಂಬುದನ್ನೆಲ್ಲ ಹೇಳುತ್ತಿದ್ದವನು ನಿತಿನ. ಅಜ್ಜಿಯ ಬಾಯಿ ಈಗ ಅವನೇ.

ಅಂದಿನಿಂದ ತಪಾಸಣೆಯ ದಿನಗಳು ಇಬ್ಬರಿಗೂ ಒಂದೇ ಆದವು. ಕೆಲಸ ಮುಗಿದ ಮೇಲೆ ಟಂಟಂ ಆಟೋ ಹತ್ತಿ ಫಾಲ್ಸಿಗೆ ಹೋಗುತ್ತಿದ್ದರು. ಶಿವಗಂಗವ್ವ ದೂರದಲ್ಲಿ ಕರದಂಟಿನ ಪೊಟ್ಟಣ ಬಿಚ್ಚಿಕೊಂಡು ಕುಳಿತಿರುವಳು. ಮಳೆಗಾಲದ ಘಟಪ್ರಭೆ ಕೆಂಪಗೆ ಉಕ್ಕಿ ಬಂಡೆಯಿಂದ ಬೀಳುವಾಗ ಬಂದವರೆಲ್ಲ ಒಬ್ಬರ ಕಿವಿಗೊಬ್ಬರು ಬಾಯಿಟ್ಟು ಚೀರುತ್ತಿದ್ದರು. ಇವರಿಬ್ಬರು ಮಾತ್ರ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು, ತುಟಿ ಅಲುಗಿಸದೆ, ಪಿಸುಮಾತಿಗಿಂತ ಮೆಲ್ಲಗೆ ಮಾತಾಡುತ್ತಿದ್ದರು. ಲಕ್ಷ್ಮಿಯ ಸಂಗತಿಯನ್ನು ರಾಜೇಶ್ವರಿ ಅವನಿಗೆ ಹೇಳಬೇಕಾಗಲೇ ಇಲ್ಲ. ನೆನೆದಳು, ಅವನು ಕೇಳಿಸಿಕೊಂಡ. 'ನಿನಗ ಗೊತ್ತಿರಲಿಲ್ಲಲ್ಲ' ಎಂದ. ಬಾಯಿಮಾತಾಗಿದ್ದರೆ ಸಮಾಧಾನಕ್ಕೆ ಅಂದನೆಂದುಕೊಳ್ಳಬಹುದಿತ್ತು. ಅವರಿಬ್ಬರ ನಡುವೆ ಸುಳ್ಳಿಗೆ ಜಾಗವೇ ಇರಲಿಲ್ಲ. ಅವಳು ವರ್ಷಗಳ ಮೇಲೆ ಮೊದಲ ಸಲ ಹಗುರವಾಗಿ ಉಸಿರಾಡಿದಳು.

ಒಂದು ದಿನ ನಿತಿನನ ಮನಸ್ಸು ಮೋಡ ಮುಚ್ಚಿದಂತಿತ್ತು. 'ಅಪ್ಪಾ ಹೊಲದಾಗ ಮಲಗಾಕತ್ತಾನ' ಎಂದ. ಅವನ ಅಪ್ಪ ನೇಮಿನಾಥ ಒಳ್ಳೆಯ ಮನುಷ್ಯ. ಮಗನನ್ನು ಎಂದೂ ಹೊಡೆದವನಲ್ಲ, ಬೈದವನಲ್ಲ. ಆದರೆ ಮಗ ಎದುರಿಗಿದ್ದರೆ ತನ್ನ ಮನಸ್ಸನ್ನು ಎಲ್ಲಿ ಬಚ್ಚಿಡಬೇಕೆಂದು ತಿಳಿಯದೆ ಕಂಗಾಲಾಗುತ್ತಿದ್ದ. ಸತ್ತ ಹೆಂಡತಿಯ ನೆನಪು, ಗಂಡಸೊಬ್ಬನ ಒಂಟಿತನ, ದಣಿವು, ಬೇಸರ, ಎಲ್ಲವೂ ಮಗನ ಕಿವಿಗೆ ಬೀಳುತ್ತವಲ್ಲ! ಮೊದಲು ಊಟವನ್ನು ಬೇರೆ ಹೊತ್ತಿಗೆ ಮಾಡತೊಡಗಿದ. ಆಮೇಲೆ ಹಾಸಿಗೆ ಸುತ್ತಿಕೊಂಡು ಪಂಪಿನ ಮನೆಗೆ ಹೋದ.

'ಮಳ್ಯಾಗ ಸೋರತೈತಿ ಅದು' ಎಂದ ನಿತಿನ. 'ನನ್ನ ಸಲುವಾಗಿ ಅಲ್ಲಿ ಬಿದ್ದಾನ.'

ಆ ಹೊತ್ತಿಗೇ ಕಂಪನಿಗೆ ಸುಳಿವು ಹತ್ತಿತ್ತು. ಪ್ರಯೋಗದ ಮಕ್ಕಳ ಸ್ಕ್ಯಾನ್ ನೋಡಿದಾಗ ತಂತಿಗಳು ಹೋಗಬಾರದ ಕಡೆಗೆಲ್ಲ ಹೋಗಿದ್ದವು. ಶುಭಮ್ ಇಬ್ಬರನ್ನೂ ಹೆತ್ತವರ ಜೊತೆ ಕೂರಿಸಿ ವಿವರಿಸಿದ: ದೂರಕ್ಕೆ ಬೆಳೆದ ತಂತಿಗಳಿಗೆ ವಿದ್ಯುತ್ತು ನಿಲ್ಲಿಸಿದರೆ ಅವು ಒಣಗುತ್ತವೆ, ಕಿವಿಯ ಕೆಲಸ ಮಾಡುವ ತಂತಿ ಮಾತ್ರ ಉಳಿಯುತ್ತವೆ. ಕಂಪ್ಯೂಟರಿನಿಂದಲೇ ಆಗುವ ಕೆಲಸ, ಕೊಯ್ಯುವುದಿಲ್ಲ, ನೋವಿಲ್ಲ. ಒಮ್ಮೆ ಒಣಗಿದ್ದು ಮತ್ತೆ ಚಿಗುರುವುದಿಲ್ಲ.

"ಒಲ್ಲೆ ಅಂದ್ರ?" ಎಂದು ಖಂಡೆಪ್ಪ ಕೇಳಿದ.

"ಒತ್ತಾಯ ಇಲ್ರಿ ಕಾಕಾ. ಆದ್ರ ಕಂಪನಿ ಈ ಹಳೇ ಬಿಲ್ಲಿ ಮಾಡೂದು ಬಂದ್ ಮಾಡೇತಿ. ಕೆಟ್ಟ ದಿವಸ ಕೆಡತೈತಿ. ಹೊಸಾ ಬಿಲ್ಲಿ ತಂತಿ ಒಣಗಿಸಿಕೊಂಡವ್ರಿಗಷ್ಟ ಹೊಂದತೈತಿ, ಆಮ್ಯಾಲ ಈ ಹುಡುಗಿಗೆ ಏನೂ ಕೇಳಂಗಿಲ್ಲ."

ತಂತಿ ಒಣಗಿಸುವ ಮೊದಲ ಶಿಬಿರ ಗೋಕಾಕದಲ್ಲಿ, ಕೊನೆಯದು ಹುಕ್ಕೇರಿಯಲ್ಲಿ ಎಂದು ಗೊತ್ತಾಯಿತು.

ಅಂದು ಫಾಲ್ಸಿನ ಕಟ್ಟೆಯ ಮೇಲೆ ಕುಳಿತಾಗ ನಿತಿನ ಏನೂ ಹೇಳುವ ಮೊದಲೇ, ಅವನು ಒಪ್ಪಿದ್ದಾನೆಂದು ರಾಜೇಶ್ವರಿಗೆ ತಿಳಿಯಿತು.

'ಅಜ್ಜಿ?' ಎಂದಳು.

'ಅಜ್ಜೀನ ಹೇಳ್ಯಾಳ. ನನ್ನ ಮಾತು ಹೋದ್ರ ಹೋಗ್ಲಿ, ನಿಮ್ಮಪ್ಪನ್ನ ಹೊಲದಾಗಿಂದ ಮನಿಗೆ ಕರಕೊಂಡ ಬಾ ಅಂದ್ಲು.'

'ಮತ್ತ ನಾನು?' ಎಂದು ಅವಳು ಕೇಳಲಿಲ್ಲ. ಕೇಳದಿರಲು ಆಗಲೂ ಇಲ್ಲ. ಆ ಪ್ರಶ್ನೆ ಅವನಿಗೆ ಮುಟ್ಟಿತು. ಅವನೊಳಗಿನ ನೋವು ಮಾತ್ರ ಅವಳಿಗೆ ಬಂದು ಮುಟ್ಟಿತು. ಇಬ್ಬರೂ ಹೊತ್ತು ಇಳಿಯುವವರೆಗೆ ನೀರು ನೋಡುತ್ತ ಕುಳಿತರು.

ಅವನ ಗೋಕಾಕದ ಶಿಬಿರ ಮುಗಿದ ಮೇಲೆ ಅವನನ್ನು ಅವಳು ಮತ್ತೆ ಕಂಡದ್ದು ಅದೇ ಕಟ್ಟೆಯ ಮೇಲೆ. ಅವನು ಮೊದಲೇ ಬಂದು ಕುಳಿತಿದ್ದ. ಅವಳು ಬೆನ್ನ ಹಿಂದೆ ನಿಂತು ಎಂದಿನಂತೆ ಕರೆದಳು. ಅವನು ಹೊರಳಲಿಲ್ಲ. ಮತ್ತೊಮ್ಮೆ, ಇನ್ನೂ ಹತ್ತಿರದಿಂದ, ಮನಸ್ಸು ಬಿರಿಯುವಂತೆ ಕರೆದಳು. ನೀರಿನ ಕಡೆಗೇ ನೋಡುತ್ತಿದ್ದ. ಕೊನೆಗೆ ಮುಂದೆ ಬಂದು ನಿಂತಳು.

"ಯಾವಾಗ ಬಂದೀ?" ಎಂದ ನಿತಿನ, ಬಾಯಿಂದ. ಅವಳು ಏನೋ ಅಂದಳು. ಅವನು ಕೈಯನ್ನು ಕಿವಿಗಿಟ್ಟು ಮುಂದೆ ಬಾಗಿದ. "ಜೋರಾಗಿ ಮಾತಾಡು. ಕೇಳ್ಸವಲ್ದು!"

ಫಾಲ್ಸಿಗೆ ಬಂದ ಎಲ್ಲರಂತೆ ಅವರೂ ಅಂದು ಚೀರಾಡಿ ಮಾತಾಡಿದರು. ಅಪ್ಪ ಮನೆಗೆ ಬಂದಿದ್ದಾನೆ, ರಾತ್ರಿ ಜೊತೆಗೇ ಉಣ್ಣುತ್ತಾನೆ ಎಂದು ನಿತಿನ ಕೂಗಿ ಹೇಳಿದ. ಅವನ ಮುಖದಲ್ಲಿ ಬೆಳಕಿತ್ತು. ಆದರೆ ರಾಜೇಶ್ವರಿಗೆ ಅವನು ಇನ್ನೂ ಕೇಳಿಸುತ್ತಿದ್ದ. 'ಇಕಿ ನನ್ನೊಳಗ ನಿಂತಾಳ, ನಾ ಇಕಿಯೊಳಗ ಇಲ್ಲ' ಎಂದುಕೊಂಡ ಅವನು. ಅದರ ಬೆನ್ನಿಗೇ ಅವನಿಗೂ ಬೇಡವಾದ ಒಂದು ಸಣ್ಣ ಅಂಜಿಕೆ. ತಿಳಿಯದೆಯೇ ಕಟ್ಟೆಯ ಮೇಲೆ ಸ್ವಲ್ಪ ಆಚೆ ಸರಿದ. ಜನ ಅವಳಿಂದ ಸರಿಯುವುದು ಹೊಸದೇನಲ್ಲ. ಇವನು ಸರಿದದ್ದು ಹೊಸದು.

ಹುಕ್ಕೇರಿಯ ಶಿಬಿರಕ್ಕೆ ಖಂಡೆಪ್ಪ ಅವಳನ್ನು ಬೈಕಿನ ಮೇಲೆ ಕರೆದುಕೊಂಡು ಹೋದ. ಆಸ್ಪತ್ರೆಯ ಗೇಟಿನವರೆಗೂ ಹೋಗಿ ರಾಜೇಶ್ವರಿ ನಿಂತುಬಿಟ್ಟಳು.

"ಒಲ್ಲೆ ಅಪ್ಪಾ."

"ಬಿಲ್ಲಿ ಕೆಟ್ರ ಪೂರಾ ಕಿವುಡಿ ಆಕ್ಕಿ, ಮಗಳ."

"ಗೊತ್ತೈತಿ."

ಯಾಕೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೂ ಅವಳಿಗೆ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ತಾವಿಬ್ಬರೂ ಇದ್ದ ಜಾಗವನ್ನು ನಿತಿನ ಬಿಟ್ಟುಹೋಗಿದ್ದ. ತಾನೂ ಬಿಟ್ಟರೆ, ಅಂಥದೊಂದು ಜಾಗ ಇತ್ತು ಎನ್ನಲು ಯಾರೂ ಉಳಿಯುವುದಿಲ್ಲವೆಂದು ಅವಳಿಗೆ ಅನಿಸಿತ್ತು. ಖಂಡೆಪ್ಪ ಬೈಕು ತಿರುಗಿಸಿದ. ದಾರಿಯುದ್ದಕ್ಕೂ ಅವನ ಬೆನ್ನೊಳಗಿಂದ ಅಳು ಕೇಳಿಸುತ್ತಿತ್ತು. ಅವಳು ಆ ಬೆನ್ನಿಗೆ ಕೆನ್ನೆ ಹಚ್ಚಿ ಕುಳಿತಳು.

ಚಳಿ ಶುರುವಾದಾಗ ಬಿಲ್ಲೆ ಆಗೊಮ್ಮೆ ಈಗೊಮ್ಮೆ ಚರಚರ ಅನ್ನತೊಡಗಿತು. ಅದೇ ದಿನಗಳಲ್ಲಿ ನಿತಿನನಿಂದ ಮೊಬೈಲಿಗೆ ಮೆಸೇಜು ಬಂತು: 'ಅಜ್ಜಿಗೆ ಭಾಳ ಆಗೇತಿ. ಅನ್ನ ನೀರು ಬಿಟ್ಟಾಳ. ಏನರ ಹೇಳಾಕತ್ತಾಳೇನೋ, ನನಗ ತಿಳಿಯವಲ್ದು. ಬರ್ತೀ?'

ಮರುದಿನವೇ ತಾಯಿ ಮಗಳು ಗೋಕಾಕದಲ್ಲಿ ಬಸ್ಸು ಬದಲಿಸಿ ಬೆಲ್ಲದ ಬಾಗೇವಾಡಿಗೆ ಹೋದರು. ನೇಮಿನಾಥ ಬಾಗಿಲಲ್ಲಿ ನಿಂತು "ಬರ್ರಿ, ಬರ್ರಿ" ಎಂದು ಬರಮಾಡಿಕೊಂಡ. ರಾಜೇಶ್ವರಿ ಹೊಸ್ತಿಲು ದಾಟಿದ ಕೂಡಲೇ ತಾನು ಅಂಗಳಕ್ಕಿಳಿದು ದೂರದ ಬೇವಿನ ಮರದ ಕೆಳಗೆ ನಿಂತುಕೊಂಡ. ಅವಳಿಗೆ ಸಿಟ್ಟು ಬರಲಿಲ್ಲ.

ಒಳಗೆ ಹೆಂಗಸರು ಮಂಚದ ಸುತ್ತ ಕುಳಿತು ಮೆಲುದನಿಯಲ್ಲಿ ಣಮೋಕಾರ ಮಂತ್ರ ಹೇಳುತ್ತಿದ್ದರು. ಜಿನ್ನವ್ವ ಹಿಡಿಯಷ್ಟಾಗಿದ್ದಳು. ನಿತಿನ ಅವಳ ಬಲಗೈ ಹಿಡಿದು ಕುಳಿತಿದ್ದ. ಅವನ ಕಣ್ಣು ಕೆಂಪಾಗಿದ್ದವು. ರಾಜೇಶ್ವರಿ ಇನ್ನೊಂದು ಬದಿಗೆ ಕುಳಿತು ಬಾಗಿದಳು.

ಮೊದಲು ಬರೀ ಚರಚರ. ಆಮೇಲೆ, ಬಹಳ ದೂರದಿಂದ ಎಂಬಂತೆ, ಒಂದು ಸಣ್ಣ ಹುಡುಗಿಯ ದನಿ. ಮಾತು ಕನ್ನಡದ್ದಲ್ಲ. ಗಡಿಯಾಚೆಯ ತವರಿನ ಮರಾಠಿ. 'ಆಯೀ, ಥಾಂಬ. ಮೀ ಯೇತೇ.' ಅವ್ವಾ ನಿಲ್ಲು, ನಾನೂ ಬರುತ್ತೇನೆ ಎನ್ನುತ್ತಿತ್ತು ಆ ದನಿ. ಹೊಳೆಯ ದಂಡೆ. ಮುಂದೆ ಬುಟ್ಟಿ ಹೊತ್ತು ಒಬ್ಬ ಹೆಂಗಸು ಬಿರಬಿರನೆ ನಡೆದಿದ್ದಾಳೆ. ಹಿಂದೆ ಈ ಹುಡುಗಿ ಕಾಲು ಸುಡುವ ಉಸುಕಿನಲ್ಲಿ ಓಡುತ್ತಿದ್ದಾಳೆ. ಆ ಹುಡುಗಿಗೆ ಇನ್ನೂ ಮದುವೆಯಾಗಿಲ್ಲ, ಬೆಲ್ಲದ ಬಾಗೇವಾಡಿ ಎಂಬ ಊರನ್ನೇ ಅವಳು ಕೇಳಿಲ್ಲ. ಮಗನಿಲ್ಲ, ಮೊಮ್ಮಗನಿಲ್ಲ. ಅವಳ ಕೈಯನ್ನು ಯಾರೋ ಹಿಡಿದುಕೊಂಡಿದ್ದಾರೆ, ಓಡಲು ಬಿಡುತ್ತಿಲ್ಲ, ಅಷ್ಟು ಮಾತ್ರ ಅವಳಿಗೆ ಗೊತ್ತು.

ರಾಜೇಶ್ವರಿ ಬಹಳ ಹೊತ್ತು ಕೇಳಿದಳು. ಮಧ್ಯಾಹ್ನದ ಬಿಸಿಲು ಮಂಚದ ಕಾಲಿನವರೆಗೆ ಬಂದಾಗ ಮುಂದಿನ ಹೆಂಗಸು ನಿಂತು ಹಿಂದೆ ನೋಡಿದಳು. ಹುಡುಗಿ ನಕ್ಕಳು. ಆಮೇಲೆ ದಂಡೆಯಲ್ಲಿ ಯಾರೂ ಇರಲಿಲ್ಲ. ಮಂತ್ರ ಹೇಳುತ್ತಿದ್ದವರಿಗೆ ಇನ್ನೂ ತಿಳಿದಿರಲಿಲ್ಲ. ರಾಜೇಶ್ವರಿ ನಿತಿನನ ಕೈಯ ಮೇಲೆ ತನ್ನ ಕೈಯಿಟ್ಟಳು.

ಮಣ್ಣು ಮಾಡುವ ಪದ್ಧತಿ ಅವರದಲ್ಲ. ಸಂಜೆಯೊಳಗೆ ಚಿತೆಗೆ ಅಣಿಮಾಡಬೇಕೆಂದು ಜನ ಓಡಾಡತೊಡಗಿದರು. ನೇಮಿನಾಥ ರಾಜೇಶ್ವರಿಯ ಹತ್ತಿರ ಬಂದ, ಈಗ ದೂರ ನಿಲ್ಲದೆ.

"ನಮ್ಮವ್ವಗ ನೋವು ಆಗಿತ್ತೇನವಾ?"

"ಇಲ್ರಿ ಕಾಕಾ. ಕೊನೀಗೆ ಖುಷಿಲೇ ಇದ್ರು."

ಅವನು ಅವಳ ತಲೆಯ ಮೇಲೆ ಕೈಯಿಟ್ಟು ಒಳಗೆ ಹೋದ.

ನಿತಿನ ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತಿದ್ದ. ಅವಳು ಪಕ್ಕದಲ್ಲಿ ಕುಳಿತಳು. ಎಮ್ಮೆಯೊಂದು ಇಬ್ಬರನ್ನೂ ನೋಡುತ್ತ ಮೆಲುಕಾಡುತ್ತಿತ್ತು.

"ಏನಂದ್ಲು?" ಎಂದ.

ರಾಜೇಶ್ವರಿ ಎಮ್ಮೆಯ ಕಡೆ ನೋಡಿದಳು.

"ಖರೇ ಹೇಳು. ನನ್ನ ಹೆಸರು ತಗದ್ಲೇನು?"

"ಹೂಂ" ಎಂದಳು. "ನಿನ್ನ ಹೆಸರು ಭಾಳ ಸಲ ಕರದ್ರು. ನಿತ್ಯಾ, ನಿತ್ಯಾ ಅಂತಿದ್ರು. ನನ್ನ ಮಾತು ಈಗ ಅವಂಗ ಕೇಳಂಗಿಲ್ಲ, ಅದಕ್ಕ ಬ್ಯಾಸರ ಮಾಡಕೋಬ್ಯಾಡ ಅಂತ ಹೇಳು ಅಂದ್ರು. ನಿಮ್ಮಪ್ಪ ಮನಿಗೆ ಬಂದದ್ದು ಛಲೋ ಆತು ಅಂದ್ರು."

ಮನಸ್ಸಿನಲ್ಲಿ ಇಲ್ಲದ್ದನ್ನು ಬಾಯಲ್ಲಿ ಹೇಳಿದ್ದು ಅವಳಿಗೆ ಅದೇ ಮೊದಲು. ಒಂದು ವರ್ಷದ ಹಿಂದಾಗಿದ್ದರೆ ಈ ಹುಡುಗನ ಮುಂದೆ ಅದು ಸಾಧ್ಯವೇ ಇರಲಿಲ್ಲ.

ನಿತಿನ ನೆಲ ನೋಡುತ್ತ ತಲೆಯಾಡಿಸಿದ. 'ಸುಳ್ಳು ಹೇಳಾಕತ್ತಾಳ' ಎಂದಿತು ಅವನ ಮನಸ್ಸು. 'ಅಜ್ಜಿ ನನ್ನನ್ನ ಎಂದೂ ನಿತ್ಯಾ ಅಂದಾಕಿ ಅಲ್ಲ. ಪಾಪ, ನನ್ನ ಸಲುವಾಗಿ ಹೇಳಾಕತ್ತಾಳ.'

"ಛಲೋ ಆತು" ಎಂದ ಬಾಯಲ್ಲಿ. "ನೀ ಬಂದದ್ದು ಛಲೋ ಆತು, ರಾಜೀ. ನನಗ ಇಷ್ಟ ಸಾಕು."

ತನ್ನ ಮನಸ್ಸು ಅವಳಿಗೆ ಕೇಳಿಸಿದೆಯೆಂದು ಅವನಿಗೂ ಗೊತ್ತಿತ್ತು. ಇಬ್ಬರೂ ಆ ವಿಷಯ ಎತ್ತಲಿಲ್ಲ. ಅವನು ಈ ಸಲ ಆಚೆ ಸರಿಯಲೂ ಇಲ್ಲ. ಒಳಗಿನಿಂದ ಯಾರೋ ನಿತಿನನನ್ನು ಕರೆಯುವವರೆಗೆ ಹಾಗೆಯೇ ಭುಜಕ್ಕೆ ಭುಜ ತಾಗಿಸಿ ಕುಳಿತಿದ್ದರು.

ಬಿಲ್ಲೆ ಸಂಕ್ರಾಂತಿ ಕಳೆದ ಮೇಲೆ ಕೆಟ್ಟಿತು. ಅಂದು ಕಿವುಡರ ಶಾಲೆಯೊಂದರಲ್ಲಿ ಕೈಸನ್ನೆಯ ಭಾಷೆ ಕಲಿಸುತ್ತಾರೆಯೇ ಎಂದು ವಿಚಾರಿಸಲು ಅವಳು ಗೋಕಾಕಕ್ಕೆ ಹೋಗಿ ಮರಳುತ್ತಿದ್ದಳು. ಬಸ್‌ ಸ್ಟ್ಯಾಂಡಿನ ಬೆಂಚಿನ ಮೇಲೆ ಅವಳ ಬಾಜೂ ಒಬ್ಬ ನಡುವಯಸ್ಸಿನ ಹೆಂಗಸು ಕಾಯಿಪಲ್ಯೆಯ ಚೀಲ ಕಾಲಸಂದಿಯಲ್ಲಿಟ್ಟುಕೊಂಡು ಕುಳಿತಿದ್ದಳು. ಆ ಹೆಂಗಸಿನ ಮನಸ್ಸು ಎಲ್ಲರ ಮನಸ್ಸಿನಂತೆ ಏನೇನೋ ಪೋಣಿಸುತ್ತಿತ್ತು. ಮೊಣಕಾಲು ನೋಯುತ್ತದೆ, ಬದನೆಕಾಯಿ ಎಳೆಯವಿವೆ, ಮಗಳು ಫೋನು ಮಾಡಿ ಬಹಳ ದಿನವಾಯಿತು. 'ಮನಿಗೆ ಹೋದಕೂಡ್ಲೆ ಅಕಿಗೆ ನಾನ ಮಾಡಿ ಹೇಳ್ತೇನಿ, ಏನಂದ್ರ...'

ಅಲ್ಲಿಗೆ ನಿಂತಿತು. ಬಸ್ಸುಗಳ ಹಾರ್ನು, ಕಂಡಕ್ಟರರ ಕೂಗು, ಎಲ್ಲವೂ ಅದರ ಜೊತೆಗೇ ನಿಂತವು. ರಾಜೇಶ್ವರಿ ಬಿಲ್ಲೆಯನ್ನು ತೆಗೆದು ಸೆರಗಿಗೆ ಒರೆಸಿ ಮತ್ತೆ ಹಚ್ಚಿದಳು. ಏನೂ ಇಲ್ಲ. ಪಕ್ಕದ ಹೆಂಗಸಿನ ಮುಖವನ್ನೇ ನೋಡಿದಳು. ಮಗಳಿಗೆ ಏನು ಹೇಳಬೇಕೆಂದಿದ್ದಳೋ, ಅದು ಆ ಮುಖದ ಮೇಲೆ ಎಲ್ಲೂ ಬರೆದಿರಲಿಲ್ಲ. ಹೆಂಗಸು ತನ್ನ ಬಸ್ಸು ಬಂದದ್ದನ್ನು ಕಂಡು ಚೀಲ ಎತ್ತಿಕೊಂಡು ಎದ್ದಳು. ಜನರ ನಡುವೆ ದಾರಿ ಮಾಡಿಕೊಂಡು ಬಸ್ಸು ಹತ್ತಿ, ಕಿಟಕಿಯ ಬದಿಗೆ ಕುಳಿತಳು. ಬಸ್ಸು ಧೂಳೆಬ್ಬಿಸಿ, ಸದ್ದಿಲ್ಲದೆ, ಹೊರಟುಹೋಯಿತು.